ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಸ್ಪೀಕರಿನ ದನಿ ಏರಿಸುವುದು: ನನ್ನ ಅನುಭವ

ತಗಡಿನ ಮಾಡಿನ ಮೇಲೆ ಕಕ್ಕಡ ತಿಂಗಳ ಮಳೆ ಸುರಿಯುವಾಗ ಲ್ಯಾಪ್‌ಟಾಪಿನ ಒಳಗಿನ ಸ್ಪೀಕರಿನಲ್ಲಿ ಆನ್‌ಲೈನ್ ಪಾಠ ಕೇಳುವುದು ಕೊಡಗಿನಲ್ಲಿ ದೊಡ್ಡ ಕಷ್ಟ. ಒಳಗಿರುವುದು ಹೆಚ್ಚಾಗಿ ತಲಾ 2 ವ್ಯಾಟಿನ ಎರಡು ಪುಟ್ಟ ಸ್ಪೀಕರು. ದನಿ ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅದಕ್ಕೆ 10 ಪಟ್ಟು ವಿದ್ಯುತ್ ಬೇಕು. 2 ವ್ಯಾಟಿನದಕ್ಕೆ 20 ವ್ಯಾಟ್ ಕೊಟ್ಟರೆ ಅದರೊಳಗಿನ ಕಾಯಿಲ್ (ತಂತಿಯ ಸುರುಳಿ) ಸುಟ್ಟುಹೋಗುತ್ತದೆ. ಹಾಗಾಗಿ ಮಾಡಬಹುದಾದ್ದು ಎರಡೇ: ಎಲ್ಲೋ ಸೋರಿಹೋಗುತ್ತಿರುವ ದನಿಯನ್ನು ಹುಡುಕಿ ತಡೆಯುವುದು, ಉಳಿದ ಶಕ್ತಿಯನ್ನು ಮಾತು ಇರುವ ಕಡೆಗೆ ತಿರುಗಿಸುವುದು. ಇವೆರಡನ್ನು ಸರಿಯಾಗಿ ಮಾಡಿದರೆ ಸಿಗುವ ವ್ಯತ್ಯಾಸ ಚಿಕ್ಕದಲ್ಲ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡಬೇಕು. ಹೆಡ್‌ಫೋನ್ ಹಾಕಿ ಕೇಳಿ. ಅದರಲ್ಲೂ ದನಿ ಸಣ್ಣದಿದ್ದರೆ ಸೆಟ್ಟಿಂಗ್ ಅಥವಾ ಡ್ರೈವರ್ (ಯಂತ್ರದ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಕಾರಣ. ಹೆಡ್‌ಫೋನಿನಲ್ಲಿ ಚೆನ್ನಾಗಿದ್ದು ಸ್ಪೀಕರಿನಲ್ಲಿ ಮಾತ್ರ ಕಡಿಮೆಯಿದ್ದರೆ, ಪೆನ್‌ಡ್ರೈವಿನಿಂದ ಉಬುಂಟುವನ್ನು (ವಿಂಡೋಸಿನ ಬದಲು ಬಳಸುವ ಒಂದು ಲಿನಕ್ಸ್ ವ್ಯವಸ್ಥೆ) ಲೈವ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಬೂಟ್ ಮಾಡಿ ಅದೇ ಆಡಿಯೋ ನುಡಿಸುತ್ತೇನೆ. ಅಲ್ಲಿ ಜೋರಾಗಿ ಬಂದರೆ ಸ್ಪೀಕರಿಗೆ ಏನೂ ಆಗಿಲ್ಲ, ವಿಂಡೋಸಿನ ಡ್ರೈವರನ್ನೇ ಸರಿಪಡಿಸಬೇಕು. ಎರಡರಲ್ಲೂ ಕಡಿಮೆಯೆಂದರೆ ಯಂತ್ರ ಬಿಚ್ಚುವ ಯೋಚನೆ ಮಾಡಬಹುದು. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಸ್ಪೀಕರಿಗೆಂದೇ ಪ್ರತ್ಯೇಕ ಆಂಪ್ಲಿಫೈಯರ್ ಚಿಪ್ ಇರುತ್ತದೆ. ಅದಕ್ಕೆ ಲಿನಕ್ಸಿನಲ್ಲಿ ಬೆಂಬಲ ಇಲ್ಲದಿದ್ದರೆ ಲೈವ್ ಉಬುಂಟುವಿನಲ್ಲೂ ದನಿ ಬಡಕಲಾಗಿಯೇ ಬರುತ್ತದೆ. ಅಂಥದ್ದರಲ್ಲಿ ಈ ಪರೀಕ್ಷೆಯನ್ನು ನಂಬಬಾರದು.

ನಮ್ಮ ಕಡೆ ಮಳೆಗಾಲದಲ್ಲಿ ಮೊದಲು ನೋಡಬೇಕಾದ್ದು ಹೆಡ್‌ಫೋನ್ ಜಾಕ್. ಪಿನ್ ಒಳಗಿದೆಯೋ ಇಲ್ಲವೋ ಎಂದು ತಿಳಿಸುವ ಸಣ್ಣ ಲೋಹದ ತಗಡು ಅದರೊಳಗಿದೆ. ತೇವಕ್ಕೆ ಅದರ ಮೇಲೆ ಕಿಲುಬು ಕೂತರೆ ಲ್ಯಾಪ್‌ಟಾಪು ಹೆಡ್‌ಫೋನ್ ಸಿಕ್ಕಿಸಿದ್ದಾರೆಂದೇ ತಿಳಿದು ಸ್ಪೀಕರನ್ನು ಮುಚ್ಚುತ್ತದೆ, ಒಮ್ಮೊಮ್ಮೆ ಬಿಟ್ಟುಬಿಟ್ಟು ನುಡಿಸುತ್ತದೆ. ಯಂತ್ರ ಆಫ್ ಮಾಡಿ, ಸಪೂರ ಬ್ರಶ್ಶಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ತಾಗಿಸಿ ಜಾಕಿನೊಳಗೆ ತಿರುಗಿಸಿ, ಹೆಡ್‌ಫೋನ್ ಪಿನ್ನನ್ನು ಹತ್ತು ಸಲ ಹಾಕಿ ತೆಗೆದು, ಅರ್ಧ ಗಂಟೆ ಒಣಗಲು ಬಿಡಿ. ಲಿನಕ್ಸ್ ಬಳಸುವವರು ಆಲ್ಸಾಮಿಕ್ಸರ್ (ದನಿಯ ಮಟ್ಟಗಳನ್ನು ಹೊಂದಿಸುವ ಸಾಧನ) ತೆರೆದು ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ, ಆಟೋ-ಮ್ಯೂಟ್ ಮೋಡನ್ನು (ಪಿನ್ ಹಾಕಿದಾಗ ಸ್ಪೀಕರ್ ತಾನಾಗಿ ಮುಚ್ಚುವುದು) ಡಿಸೇಬಲ್ಡ್ ಮಾಡಿ ನೋಡಬಹುದು. ಅಲ್ಲೇ ಮಾಸ್ಟರ್, ಸ್ಪೀಕರ್, ಪಿಸಿಎಂ ಮೂರೂ 100 ಇವೆಯೇ ನೋಡಿ. ಹೊರಗಿನ ವಾಲ್ಯೂಮ್ ಪಟ್ಟಿ ತುಂಬಿದ್ದರೂ ಇವುಗಳಲ್ಲಿ ಒಂದು ಕೆಳಗೇ ಕೂತಿರುವುದುಂಟು.

ಇನ್ನು ಸ್ಪೀಕರಿನ ಜಾಲರಿ. ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದು ತಳದಲ್ಲಿರುತ್ತದೆ. ಕಂಬಳಿಯ ಮೇಲಿಟ್ಟರೆ ಬಾಯಿ ಮುಚ್ಚಿದ ಹಾಗೆ. ಗಟ್ಟಿ ಮೇಜಿನ ಮೇಲೆ, ಹಿಂದಿನ ಅಂಚಿಗೆ ಒಂದೂವರೆ ಸೆಂಟಿಮೀಟರ್ ಮರದ ತುಂಡು ಕೊಟ್ಟು ಎತ್ತಿಡಿ. ಕಾಫಿ ಒಣಗಿಸುವ ಕಾಲದಲ್ಲಿ ಕಣದ ಧೂಳು ಜಾಲರಿಯಲ್ಲಿ ಕೂರುತ್ತದೆ, ಮಳೆಗಾಲ ಬಂದಾಗ ಅದೇ ಧೂಳು ತೇವ ಹೀರಿ ಪದರ ಕಟ್ಟುತ್ತದೆ, ಬೂಷ್ಟೂ ಹಿಡಿಯುತ್ತದೆ. ಲ್ಯಾಪ್‌ಟಾಪನ್ನು ಜಾಲರಿ ಕೆಳಮುಖವಾಗುವಂತೆ ಹಿಡಿದು ಒಣ ಮೆತ್ತನೆ ಬ್ರಶ್ಶಿನಿಂದ ಉಜ್ಜಿ, ಕ್ಯಾಮೆರಾಕ್ಕೆ ಬಳಸುವ ರಬ್ಬರ್ ಬ್ಲೋವರಿನಿಂದ ಓರೆಯಾಗಿ ಗಾಳಿ ಊದಿ. ಸೂಜಿ ಚುಚ್ಚಬೇಡಿ, ಒಳಗಿನ ಪೊರೆ, ಅಂದರೆ ಸದ್ದು ಹುಟ್ಟಿಸುವ ಕೋನು, ಹರಿಯುತ್ತದೆ. ಜಾಲರಿಗೆ ಆಲ್ಕೋಹಾಲ್ ಸುರಿಯುವುದೂ, ಹೇರ್ ಡ್ರೈಯರ್ ಹಿಡಿಯುವುದೂ ಬೇಡ. ಕೋನಿನ ಅಂಟು ಸಡಿಲವಾಗುತ್ತದೆ.

ಸಾಫ್ಟ್‌ವೇರಿನಲ್ಲಿ ಎಲ್ಲರೂ ಮೊದಲು ಏರಿಸುವುದು ಬಾಸ್ (ತಗ್ಗಿನ ದನಿ). ನಾನು ಮೊದಲು ಕತ್ತರಿಸುವುದೇ ಅದನ್ನು. ಈ ಅಳತೆಯ ಕೋನು ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಅಲುಗಾಡುತ್ತದೆಯೇ ಹೊರತು ಕಿವಿಗೆ ಕೇಳುವಷ್ಟು ಸದ್ದು ಹುಟ್ಟಿಸುವುದಿಲ್ಲ. ಆ ಅಲುಗಾಟಕ್ಕೆ ಹೋಗುವ ಶಕ್ತಿ ಪೂರಾ ನಷ್ಟ, ಮೇಲಿನ ದನಿಯೂ ಅದರಿಂದ ಕೆಡುತ್ತದೆ. ಹಾಗಾಗಿ ಈಕ್ವಲೈಜರಿನಲ್ಲಿ (ದನಿಯ ಬೇರೆಬೇರೆ ಭಾಗಗಳನ್ನು ಏರಿಸಿ ಇಳಿಸುವ ಸಾಧನ) 180 ಹರ್ಟ್ಸ್‌ನಲ್ಲಿ ಹೈ-ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವುದು), 450 ಹರ್ಟ್ಸ್ ಸುತ್ತ 3 ಡೆಸಿಬಲ್ ಇಳಿಕೆ, 3 ಕಿಲೋಹರ್ಟ್ಸ್ ಸುತ್ತ 4 ಡೆಸಿಬಲ್ ಏರಿಕೆ. ಸ, ಶ, ತ, ಕ ಮುಂತಾದ ವ್ಯಂಜನಗಳು ತಿಳಿಯುವುದು ಈ ಮೇಲಿನ ಭಾಗದಲ್ಲಿ; ಮಳೆಯ ಸದ್ದಿನಲ್ಲಿ ಮೊದಲು ಮುಳುಗುವುದೂ ಅವೇ.

ಈಕ್ವಲೈಜರ್ ಒಂದರಿಂದಲೇ ಒಟ್ಟು ದನಿ ಏರುವುದಿಲ್ಲ, ಅದಕ್ಕೆ ಕಂಪ್ರೆಸರ್ ಬೇಕು. ಪಾಠ ಮಾಡುವವರ ದನಿ ಏರಿಳಿಯುತ್ತದೆ. ಏರಿದ್ದನ್ನು ಒತ್ತಿ ಹಿಡಿದು ಒಟ್ಟಾರೆ ಮಟ್ಟ ಎತ್ತಿದರೆ ಪಿಸುಮಾತೂ ಕೇಳುತ್ತದೆ. ಲಿನಕ್ಸಿನ ಈಸಿ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಈಕ್ವಲೈಜರ್, ಕಂಪ್ರೆಸರ್, ಲಿಮಿಟರ್ (ದನಿ ಮಿತಿ ಮೀರದಂತೆ ತಡೆಯುವುದು) ಇದೇ ಕ್ರಮದಲ್ಲಿ ಹಾಕಬೇಕು. ಕಂಪ್ರೆಸರಿಗೆ ನನ್ನ ಅಳತೆ: ಥ್ರೆಶೋಲ್ಡ್ (ಒತ್ತಲು ಶುರುಮಾಡುವ ಮಟ್ಟ) ಮೈನಸ್ 24 ಡೆಸಿಬಲ್, ಒತ್ತುವ ಅನುಪಾತ 3:1, ಅಟ್ಯಾಕ್ (ಒತ್ತಲು ಹಿಡಿಯುವ ಸಮಯ) 10 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಸಮಯ) 150 ಮಿಲಿಸೆಕೆಂಡ್, ಮೇಕಪ್ ಗೇನ್ (ಕೊನೆಗೆ ಒಟ್ಟಾರೆ ಎತ್ತುವುದು) 10 ಡೆಸಿಬಲ್. ಲಿಮಿಟರ್ ಮೈನಸ್ 1 ಡೆಸಿಬಲ್‌ನಲ್ಲಿ. ಇದನ್ನು ಬಿಟ್ಟು ಸೀದಾ ವಾಲ್ಯೂಮನ್ನು 150 ಶೇಕಡಾಕ್ಕೆ ಎಳೆದರೆ ಅಲೆಗಳ ತಲೆ ಕತ್ತರಿಸಿ ದನಿ ಕರಕರ ಅನ್ನುತ್ತದೆ, ಕಾಯಿಲೂ ಬಿಸಿಯಾಗುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಮೋರ್ ಸೌಂಡ್ ಸೆಟ್ಟಿಂಗ್ಸ್ ಎಂದು ಹೋಗಿ ಸ್ಪೀಕರ್ಸ್‌ನ ಪ್ರಾಪರ್ಟೀಸ್ ತೆರೆಯಿರಿ. ಎನ್‌ಹಾನ್ಸ್‌ಮೆಂಟ್ಸ್‌ನಲ್ಲಿ ಲೌಡ್‌ನೆಸ್ ಈಕ್ವಲೈಜೇಶನ್ ಇದ್ದರೆ ಗುರುತು ಹಾಕಿ, ಕಂಪ್ರೆಸರಿನ ಕೆಲಸ ಅದೇ ಮಾಡುತ್ತದೆ. ಮೇಲೆ ಹೇಳಿದ ಫಿಲ್ಟರುಗಳಿಗೆ ಈಕ್ವಲೈಜರ್ ಎಪಿಒ ಎಂಬ ಸಾಫ್ಟ್‌ವೇರ್ ಹಾಕಿ, 4 ಡೆಸಿಬಲ್ ಏರಿಕೆಗೆ ಜಾಗ ಸಿಗುವಂತೆ ಅದರ ಪ್ರೀಆಂಪ್ (ಒಟ್ಟಾರೆ ಮಟ್ಟ) ಮೈನಸ್ 4 ಡೆಸಿಬಲ್ ಇಡಿ. ಅದೇ ಸೌಂಡ್ ಕಿಟಕಿಯ ಕಮ್ಯುನಿಕೇಶನ್ಸ್ ಟ್ಯಾಬಿನಲ್ಲಿ ಕರೆ ಬಂದಾಗ ಬೇರೆ ಸದ್ದುಗಳನ್ನು 80 ಶೇಕಡಾ ಇಳಿಸುವ ಆಯ್ಕೆ ಮೊದಲೇ ಇರುತ್ತದೆ; ಅದನ್ನು ಡೂ ನಥಿಂಗ್‌ಗೆ ಬದಲಿಸಿ. ವಿಡಿಯೋ ಕರೆಯ ಹೊತ್ತಿನಲ್ಲಿ ಮಾತ್ರ ದನಿ ಕುಸಿಯುತ್ತದೆ ಎನ್ನುವವರಿಗೆ ಹೆಚ್ಚಾಗಿ ಇದೇ ಕಾರಣ.

ಇಷ್ಟಾದರೂ ಒಂದು ಬದಿ ಮಂಕಾಗಿದ್ದರೆ ಬಿಚ್ಚಬೇಕು. ಸ್ಕ್ರೂಗಳ ಉದ್ದ ಬೇರೆಬೇರೆ ಇರುತ್ತದೆ, ತೆಗೆದ ಜಾಗದ ಕ್ರಮದಲ್ಲೇ ಕಾಗದದ ಮೇಲೆ ಇಟ್ಟುಕೊಳ್ಳಿ. ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಸ್ಪೀಕರಿನ ತಂತಿ ಅಳೆಯಿರಿ: 4 ಓಮ್ ಎಂದು ಬರೆದಿರುವುದು 3.5ರ ಆಸುಪಾಸು ತೋರಿಸಿದರೆ ಕಾಯಿಲ್ ಸರಿಯಿದೆ. ಏನೂ ತೋರಿಸದಿದ್ದರೆ ತುಂಡಾಗಿದೆ. ಕನೆಕ್ಟರಿನಲ್ಲಿ ಹಸಿರು ಕಿಲುಬಿದ್ದರೆ ಅದೇ ಆಲ್ಕೋಹಾಲಿನಿಂದ ತೆಗೆಯಬಹುದು. ಸ್ಪೀಕರಿನ ಸುತ್ತಲ ಸ್ಪಂಜಿನ ಪಟ್ಟಿಯನ್ನು ಯಾರೂ ಗಮನಿಸುವುದಿಲ್ಲ. ತೇವದಲ್ಲಿ ಅದು ಪುಡಿಯಾದರೆ ಕೋನಿನ ಮುಂದಿನ ಸದ್ದೂ ಹಿಂದಿನ ಸದ್ದೂ ಕಲೆತು ಒಂದನ್ನೊಂದು ಅಳಿಸುತ್ತವೆ. ನೀರು ಹೀರದ, 2 ಮಿಲಿಮೀಟರ್ ದಪ್ಪದ ಫೋಮ್ ಟೇಪನ್ನು ಸಂದಿಲ್ಲದೆ ಅಂಟಿಸಿದರೆ ದನಿಯ ತುಂಬು ಮರಳಿ ಬರುತ್ತದೆ. ಹೊಸ ಸ್ಪೀಕರ್ ಹಾಕುವುದಾದರೆ ಲೇಬಲ್ಲಿನ ಪಾರ್ಟ್ ನಂಬರೂ ಓಮ್ ಅಳತೆಯೂ ಹೊಂದಬೇಕು. 8 ಓಮ್ ಇದ್ದಲ್ಲಿ 4 ಓಮ್ ಹಾಕಿದರೆ ಆಂಪ್ಲಿಫೈಯರ್ ಎರಡರಷ್ಟು ಕರೆಂಟ್ ಎಳೆದು ಕೆಡಬಹುದು.

ಹೊರಗಿನ ಸ್ಪೀಕರ್ ಕೊಳ್ಳುವವರಿಗೆ: ಯುಎಸ್‌ಬಿ 2.0 ಪೋರ್ಟಿನಿಂದ ಸಿಗುವುದು 5 ವೋಲ್ಟು, ಅರ್ಧ ಆಂಪಿಯರು, ಅಂದರೆ 2.5 ವ್ಯಾಟ್ ಮಾತ್ರ. ಅದರಿಂದಲೇ ನಡೆಯುವ ಸ್ಪೀಕರಿನ ಡಬ್ಬದ ಮೇಲೆ ಎಷ್ಟೇ ದೊಡ್ಡ ಅಂಕಿ ಇದ್ದರೂ ನಂಬಬೇಡಿ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರುಗಳಿಗೆ, ಒಳಗೆ ಬ್ಯಾಟರಿಯಿದ್ದು ಆಕ್ಸ್ ತಂತಿಯನ್ನೂ (ಹೆಡ್‌ಫೋನ್ ಜಾಕಿಗೆ ಸಿಕ್ಕಿಸುವುದು) ಸ್ವೀಕರಿಸುವ ಬ್ಲೂಟೂತ್ ಸ್ಪೀಕರ್ ಅನುಕೂಲ. ತಗಡಿನ ಮಾಡಿನ ಕೆಳಗೆ ಮಳೆ ಜೋರಾದಾಗ ಮಾತ್ರ ಕಿವಿ ಮುಚ್ಚುವ ಹೆಡ್‌ಫೋನೇ ಗತಿ.