ಲೇಔಟ್ ನಡುವ ಆಡಿಗೆ ಝಟಕಾ ತಂತಿ ಹಾಕಿ, ಬಾಜು ಮನಿಯವ್ರ ಜೋಡಿ ಜಗಳ ಮುಗಿಸಿದ್ದು: ನನ್ನ ಅನುಭವ

ಬೀದರದಾಗ ನೌಬಾದ್ ಕಡೆ ನಮ್ದು 18 ಗುಂಟೆ ಜಾಗಾ ಅದ. ನಮ್ಮಪ್ಪನ ಕಾಲದಾಗ ಸುತ್ತ ಬರೇ ತೊಗರಿ ಹೊಲ ಇತ್ತು, ಈಗ ಎರಡು ಕಡೆ ಪ್ಲಾಟ್ ಬಿದ್ದು ಮನಿ ಎದ್ದಾವ. ನನ್ನ ಹತ್ರ ದೇವಣಿ ಆಕಳ 2, ಉಸ್ಮಾನಾಬಾದಿ ಆಡು 22-23. ಆಕಳದ್ದು ತಕರಾರೇ ಇಲ್ಲ, ಎಲ್ಲಾ ಜಗಳ ಆಡಿಂದು. ಬಾಜು ಮನಿಯವ್ರ ಕರಿಬೇವಿನ ಗಿಡ ಬುಡದ ತನಾ ತಿಂದ್ವು, ಮಾಳಗಿ ಮ್ಯಾಲ ಒಣಗಾಕ ಹಾಕಿದ ಸಂಡಿಗಿ ತಿಂದ್ವು, ಒಂದು ದಿನ ಹೊಸಾ ಕಾರಿನ ಮ್ಯಾಲ ಹತ್ತಿ ನಿಂತ್ವು. ಬಾನೆಟ್ ರಿಪೇರಿಗೆ ನಾನೇ 4 ಸಾವಿರ ಕೊಟ್ಟೀನಿ, ಕೊಡಬೇಕಾದ್ದೇ ಅದು.

ಕಂಪೌಂಡ್ ಗ್ವಾಡಿ ಕಟ್ಟಿಸೋಣು ಅಂತ ಮೇಸ್ತ್ರಿನ್ನ ಕೇಳಿದ್ರ 5 ಲಕ್ಷದ ಹತ್ರ ಹೇಳಿದ. ಎಲ್ಲಿಂದ ತರೋದ್ರಿ. ಅದಕ್ಕ ಝಟಕಾ ಮಷಿನ್ ತಂದೆ, ಅಂದ್ರ ಬೇಲಿ ತಂತಿಗೆ ಬಿಟ್ಟು ಬಿಟ್ಟು ಕ್ಷಣದ ಕರೆಂಟ್ ಹೊಡತ ಕೊಡೋ ಡಬ್ಬಿ. ತಂದ ದಿನಾನೇ ನಮ್ಮ ಮನಿಯವ್ರು, ಗೆಳೆಯರು, ಆಡು ಸಾಕೋ ಇಬ್ಬರು ಮೂರು ಮಂದಿ, ಎಲ್ಲಾರೂ ಒಂದೇ ಮಾತು: ಹೊಲದಾಗ ಹಚ್ಚು, ಊರಾಗ ಹಚ್ಚಬ್ಯಾಡ, ಕೇಸ್ ಆಗ್ತದ. ಒಂದೂವರೆ ವರ್ಷ ಆಯ್ತು, ಈಗ ಬರೀಲಾಕತ್ತೀನಿ ಯಾಕಂದ್ರ ಅದು ನಡದದ, ಕೇಸೂ ಇಲ್ಲ, ಜಗಳಾನೂ ಇಲ್ಲ.

ಮೊದಲ ತಪ್ಪು ದೊಡ್ಡದು. ಕಲ್ಲು ಕಂಬಕ್ಕ ಮೊದಲಿಂದ ಮುಳ್ಳು ತಂತಿ ಇತ್ತಲ್ಲ, ಹೊಸಾ ತಂತಿ ರೊಕ್ಕ ಉಳೀತದ ಅಂತ ಅದಕ್ಕೇ ಝಟಕಾ ಕೊಟ್ಟೆ. ಮೂರನೇ ದಿನ ಓಣಿ ನಾಯಿ ಒಂದು ಮುಳ್ಳಿನಾಗ ಸಿಕ್ಕಿ ಬಿಡಿಸ್ಕೊಳ್ಳಾಕ ಬರಲಾರದ ಒದರಿದ ಒದರಾಟ ನಾ ಇನ್ನೂ ಮರ್ತಿಲ್ಲ, ಸೆಕೆಂಡಿಗೆ ಒಂದರಂಗ ಹೊಡಿಲಾಕತ್ತಿತ್ತು, ನಾ ಓಡಿ ಹೋಗಿ ಬಂದ್ ಮಾಡೋದ್ರಾಗ ಅರ್ಧ ಓಣಿ ಬಂದು ನಿಂತಿತ್ತು. ಮುಳ್ಳು ತಂತಿಗೆ ಝಟಕಾ ಕೊಡಬಾರದು ಅಂತ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನಾಗೇ ಅದ ಅಂತ ಆಮ್ಯಾಲ ತಿಳೀತು. ಸಂಜಿಗೆ ಪೊಲೀಸರು ಬಂದ್ರು. ಮೀಟರಿಂದ ನೇರ ಎಳದಿಲ್ಲ, 12 ವೋಲ್ಟ್ ಬ್ಯಾಟರಿ ಮ್ಯಾಲ ನಡೀತದ ಅಂತ ತೋರ್ಸಿದ ಮ್ಯಾಲ ಬೈದು ಹೋದ್ರು, ಬಂದ್ ಇಡು ಅಂದ್ರು. ಎರಡು ತಿಂಗಳು ಬಂದೇ ಇಟ್ಟೆ.

ಜನ ಅಂಜೋದು ಸುಳ್ಳಲ್ಲ. ಹಂದಿ ಕಾಟಕ್ಕ ಅಂತ ಬೇಲಿಗೆ 230 ವೋಲ್ಟ್ ನೇರ ಕರೆಂಟ್ ಬಿಟ್ಟು ತಮ್ಮ ಹೊಲದಾಗ ತಾವೇ ಸತ್ತವ್ರ ಸುದ್ದಿ ಪೇಪರಿನಾಗ ಬರ್ತಾನೇ ಇರ್ತದ. ಬಾಜು ಮನಿ ಹಿರಿಯರು ನನ್ನ ಮಷಿನ್ ಡಬ್ಬಿ ಮ್ಯಾಲ 9000 ವೋಲ್ಟ್ ಅಂತ ಓದಿ, ಮನ್ಯಾಗಿನ 230ಕ್ಕೇ ಮನಷ್ಯಾ ಸಾಯ್ತಾನ, ಇದು 9000 ಅಂದ್ರ ಏನು ಅಂತ ಕೇಳಿದ್ರು. ಝಟಕಾ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮಿ ಟೈಮ್ ಇರ್ತದ, ಹಿಡಕೊಳ್ಳಂಗಿಲ್ಲ, ಒದ್ದು ಬಿಡ್ತದ ಅಂತ ಎಷ್ಟು ಹೇಳಿದ್ರೂ ಅವರಿಗೆ ನಂಬಿಕಿ ಬರಲಿಲ್ಲ. ಅವ್ರ ಎದುರಿಗೇ ತಂತಿ ಮುಟ್ಟಿ ತೋರ್ಸಿದೆ. ಚಪ್ಪಲ್ ಹಾಕ್ಕೊಂಡೀ ಅಂದ್ರು. ಚಪ್ಪಲ್ ಬಿಟ್ಟು, ಕಾಲಿಗೆ ನೀರು ಹಾಕ್ಕೊಂಡು ಮತ್ತ ಮುಟ್ಟಿದೆ, ಮೊಣಕೈ ತನಾ ಝಿಲ್ ಅಂತು, ತಡಕೊಂಡೆ. ಆಗ ಅವ್ರ ಸೊಸಿ ಒಂದೇ ಮಾತು ಅಂದಳು: ನೀವು ತಡಕೊಳ್ತೀರಿ, ನನ್ನ ಮಗಾಗ ಎರಡು ವರ್ಷ. ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ, ಇರಬಾರದೂ ಕೂಡ.

ಅಲ್ಲೇ ನಾ ತಿಳಕೊಂಡೆ, ಇವರಿಗೆ ತಿಳಿಸಿ ಹೇಳೋದರಿಂದ ಆಗಂಗಿಲ್ಲ, ತಂತಿನೇ ಅವರ ಕೈಗೆ ಸಿಗದಂಗ ಮಾಡಬೇಕು. ಮುಳ್ಳು ತಂತಿ ಕಿತ್ತು ಅದೇ ಕಲ್ಲು ಕಂಬಕ್ಕ 4 ಫೂಟಿನ ಚೈನ್‌ಲಿಂಕ್ ಜಾಳಗಿ ಹೊಡದೆ, ಎರಡು ಕಡೆ ಸೇರಿ 280 ಫೂಟ್, ಮಜೂರಿ ಹಿಡದು 32 ಸಾವಿರ. ಝಟಕಾ ತಂತಿ ಅದರಿಂದ ಎರಡೂವರೆ ಫೂಟ್ ಒಳಗ ತಗೊಂಡೆ. ಜಾಗಾ ಹೋಯ್ತು ಅಂತ ನಮ್ಮ ತಮ್ಮ ಸಿಟ್ಟಾದ. ಆದ್ರ ನೋಡ್ರಿ, ಆಡು ಜಾಳಗಿಗೆ ಮುಂಗಾಲು ಕೊಟ್ಟು ಹತ್ತೋದೂ ಅದರಿಂದಾನೇ ನಿಂತು, ಜಾಳಗಿ ತನಾ ಮುಟ್ಟಂಗೇ ಇಲ್ಲ. ಒಂದು ಖರ್ಚಿನಾಗ ಎರಡು ಕೆಲಸಾತು.

ಇನ್ನ ಅರ್ಥಿಂಗ್ ಕಥಿ, ಅಂದ್ರ ಝಟಕಾ ನೆಲದ ಮುಖಾಂತರ ಮಷಿನ್ನಿಗೆ ತಿರುಗಿ ಬರೋ ದಾರಿ; ನೆಲ ಒಣಗಿದ್ರ ಅದು ಬರಂಗಿಲ್ಲ. ಬ್ಯಾಸಗಿ ಬಂತು, ಆಡು ತಂತಿ ಮುಟ್ಟಿದ್ರೂ ಏನೂ ಆಗಲಿಲ್ಲದಂಗ ದಾಟಿ ಹೋಗಾಕ ಶುರು ಮಾಡಿದ್ವು. ನಮ್ಮದು ಕೆಂಪು ಜಂಬಿಟ್ಟಿಗಿ ನೆಲ, ನೌಬಾದ್ ಕರೇಜ್ (ನೆಲದೊಳಗಿನ ಹಳೇ ನೀರಿನ ಸುರಂಗ) ಕೊರದಿದ್ದು ಇದೇ ಕಲ್ಲಿನಾಗ, ನೀರು ಇದ್ರ ತಳಕ್ಕ ಇರ್ತದ, ಮ್ಯಾಲ ಮಾರ್ಚ್‌ಕ್ಕೇ ಸುಟ್ಟ ಇಟ್ಟಂಗಿಯಂಗ. 6 ಫೂಟಿನ ಮೂರು ರಾಡ್ ಹೊಡಸಾಕ ಹಾರಿ ಹಿಡದು ಒಂದು ದಿನ ಹೋತು. ಉಪ್ಪು ಇದ್ದಿಲಿ ತುಂಬಿ ನೀರು ಹಾಕಿದೆ, 15 ದಿನ ಚಲೋ ನಡೀತು, ಮತ್ತ ಅದೇ ಹಾಡು. ಕಡೀಗೆ ಒಂದು ತಂತಿ ಝಟಕಾ, ಅದರ ಮ್ಯಾಲಿಂದು ಅರ್ಥ್, ಮತ್ತ ಝಟಕಾ, ಹಿಂಗ ನಾಕು ಸಾಲು ಮಾಡಿದೆ, 8, 16, 26, 36 ಇಂಚ್ ಅಂದಾಜು. ಆಡು ತಲಿ ತೂರಿಸಿದ್ರ ಎರಡೂ ತಂತಿ ಮುಟ್ತದ, ನೆಲ ಒಣಗಿದ್ರೂ ನಡೀತದ. ಟೆಸ್ಟರ್‌ನಾಗ ಈಗ ಬ್ಯಾಸಗಿಗೂ 5 ಸಾವಿರ ವೋಲ್ಟಿನ ಮ್ಯಾಲೇ ತೋರಸ್ತದ. ರಾಡ್ ಮನಿ ಅರ್ಥಿಂಗ್‌ದಿಂದ 10 ಮೀಟರ್ ದೂರ ಇರಲಿ, ಇದನ್ನ ಬಿಡಬ್ಯಾಡ್ರಿ.

ಆಮ್ಯಾಲ ಟಿಕ್ ಟಿಕ್ ಸಪ್ಪಳ. ಆಡಿನ ಎರಡು ಮರಿ ನಾಯಿ ಬಾಯಿಗೆ ಹೋದ ಮ್ಯಾಲ ರಾತ್ರಿನೂ ಚಾಲೂ ಇಡತಿದ್ದೆ. ಬಾಜು ಮನಿ ಅಜ್ಜಿಗೆ ಆ ಸಪ್ಪಳಕ್ಕ ನಿದ್ದಿ ಬರವಲ್ದು ಅಂತ ಫೋನ್ ಮ್ಯಾಲ ಫೋನ್. ಸುಳ್ಳೇ ಹೇಳ್ತಾರ ಅಂತ ತಿಳದಿದ್ದೆ, ಒಂದು ರಾತ್ರಿ ಅವ್ರ ಕಿಟಕಿ ಬಾಜು ಹೋಗಿ ನಿಂತೆ, ಖರೇನೇ, ಗಡಿಯಾರದಂಗ ಕೇಳಸ್ತದ. ಅಮಾಸಿ ಸನೇಕ ಇತ್ತು, ಮಳಿ ಬಂದು ಹೋಗಿತ್ತು, ಎಲ್ಲಾ ಲೈಟ್ ಆರಿಸಿ ತಂತಿ ಗುಂಟ ಒಬ್ಬನೇ ನಡಕೊಂತ ಹೋದೆ. ಒಂಬತ್ತನೇ ಕಂಬದಾಗ ನೀಲಿ ಕಿಡಿ, ಸಾಸವಿ ಕಾಳಿನಷ್ಟು, ಟಿಕ್ ಅಂದಾಗೊಮ್ಮೆ ಕಾಣತಿತ್ತು. ತಂತಿ ಕಂಬಕ್ಕ ತಾಗದಂಗ ಹಿಡಿಯೋ ಇನ್ಸುಲೇಟರ್ ಕಮ್ಮಿ ಬಿದ್ದಾವ ಅಂತ ಅಲ್ಲಿ ಸೈಕಲ್ ಟ್ಯೂಬ್ ಸುತ್ತಿದ್ದೆ, ಕರೀ ರಬ್ಬರಿನಾಗ ಕಾರ್ಬನ್ ಇರ್ತದಲ್ಲ, ಹಸಿ ಆದ್ರ ಕರೆಂಟ್ ಲೀಕ್. ಹಂತಾವು 14 ಕಡೆ ಇದ್ವು. ಬೆಳಗ್ಗೆ ಎಲ್ಲಾ ಕಿತ್ತು ಪೋರ್ಸಲೀನ್ ಹಾಕಿದೆ, 600-700 ರೂಪಾಯಿದಾಗ ಅಜ್ಜಿ ಮಲಗಿದ್ರು, ಅವ್ರ ರೇಡಿಯೋದಾಗ ಬರೋ ಖರ್ ಖರ್ ಕೂಡ ಹೋತು.

ನಡುವ ಒಂದು ಪ್ರಯೋಗ ಮಾಡ್ದೆ, ಹೊಸಾ ಆಡಿಗೆ ಕಲಿಸಾಕ ತಂತಿಗೆ ಬೇಗಡಿ ಸುತ್ತಿ ಅದಕ್ಕ ಬೆಲ್ಲ ಹಚ್ಚಿದೆ. ಹಸೀ ತುಟಿಗೆ ಒಂದ್ಸಲ ಬಡದ್ರ ಸಾಕು, ಮೈ ಕೂದಲಕ್ಕ ಬಡಿಯೋದಕ್ಕಿಂತ ಇದು ನೂರು ಪಾಲು ಬೇಸ್. ಬೆಲ್ಲಕ್ಕ ಇರವಿ ಬಂದು ಕೂತ್ವು, ಈಗ ಹಸೀ ನುಗ್ಗಿ ಸೊಪ್ಪು ಸಿಗಿಸ್ತೀನಿ.

ಜಗಳ ಖರೇ ಮುಗದಿದ್ದು ಸ್ವಿಚ್ಚಿನಿಂದ. ಬಾಜು ಮನಿಯವ್ರ ಗ್ವಾಡಿಗೆ ಒಂದು ಸಣ್ಣ ಡಬ್ಬಿ ಹೊಡಿಸಿ ಮಷಿನ್ ಬಂದ್ ಮಾಡೋ ಸ್ವಿಚ್ ಅವ್ರ ಕೈಯಾಗ ಕೊಟ್ಟೆ, ವೈರ್ ಸೇರಿ 350 ರೂಪಾಯಿ. ಹುಡುಗರು ಆಡೋ ಟೈಮ್ 5ರಿಂದ 7 ನಾನೇ ಬಂದ್ ಇಡ್ತೀನಿ, ಆಡು ಕೊಟಗಿದಾಗ ಇರ್ತಾವ. ಉಳದ ಟೈಮ್‌ದಾಗ ಅಂಜಿಕಿ ಆದ್ರ ನೀವೇ ಒತ್ರಿ, ನನಗ ಕೇಳಬ್ಯಾಡ್ರಿ ಅಂದೆ. ಇಲ್ಲಿ ತನಾ ಮೂರೇ ಸಲ ಒತ್ಯಾರ, ಒಂದ್ಸಲ ಚೆಂಡು ಒಳಗ ಬಿತ್ತು ಅಂತ. ಪ್ರತಿ ಎರಡು ಕಂಬಕ್ಕ ಹಳದಿ ಬೋರ್ಡ್ ಅದ, ಕನ್ನಡ, ಉರ್ದು ಎರಡೂ ಬರಸೀನಿ.

ಮಷಿನ್ 8500, ಪ್ಯಾನೆಲ್ ಬ್ಯಾಟರಿ 9 ಸಾವಿರ, ತಂತಿ ಇನ್ಸುಲೇಟರ್ 6, ಜಾಳಗಿ 32, ತಪ್ಪು ಪ್ರಯೋಗದಾಗ ದಂಡ ಹೋಗಿದ್ದು 12-13. ಹೆಚ್ಚು ಕಮ್ಮಿ 70 ಸಾವಿರ ಹಿಡೀರಿ. ದೀಪಾವಳಿ ಆದ ಮ್ಯಾಲ ಆಡು ಹೊರಗ ಹೋಗಿದ್ದು ಎರಡೇ ಸಲ, ಎರಡೂ ಸಲ ಬ್ಯಾಟರಿ ಇಳದಿತ್ತು. ಹಳೇ ಬ್ಯಾಟರಿ ಅದು, ಮಳಿಗಾಲಕ್ಕ ಮೊದಲ ಬದಲಿ ಮಾಡಬೇಕು.