ಓಟಿಗೆ ಸಹಿ ಹಾಕುವ ಮುಂಚೆ ಈ ಲೆಕ್ಕ ಹಾಕಿ

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರೋಡ್, ಧಾರವಾಡದ ಬೇಲೂರು, ಯಾವ ಇಂಡಸ್ಟ್ರಿಯಲ್ ಏರಿಯಾದಲ್ಲಿ ದುಡಿದರೂ ಈ ಮಾತು ಕಿವಿಗೆ ಬಿದ್ದೇ ಇರುತ್ತದೆ: "ಆರ್ಡರ್ ಜಾಸ್ತಿ ಇದೆ, ಎರಡು ತಾಸು ನಿಂತು ಹೋಗಿ." ಈ ಹೆಚ್ಚಿನ ತಾಸಿನ ದುಡಿಮೆಯೇ ಓಟಿ. ನಿಲ್ಲಬಹುದು, ತಪ್ಪೇನಿಲ್ಲ. ಆದರೆ ಎಷ್ಟು ಬರುತ್ತದೆ ಅಂತ ಮೊದಲೇ ಗೊತ್ತಿರಲಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ದಿನಕ್ಕೆ 8 ತಾಸು, ವಾರಕ್ಕೆ 48. ಅದಕ್ಕಿಂತ ಹೆಚ್ಚು ದುಡಿಸಲು ನಿಮ್ಮ ಒಪ್ಪಿಗೆ ಬೇಕು, ಪಗಾರ ಎರಡು ಪಟ್ಟು.

ಎರಡು ಪಟ್ಟು ಸರಿ, ಯಾವುದರ ಎರಡು ಪಟ್ಟು? ಮೋಸ ಆಗುವುದು ಇಲ್ಲೇ. ನಿಮ್ಮ ಬೇಸಿಕ್ (ಮೂಲ ಪಗಾರ) 10,400, ಡಿಎ (ತುಟ್ಟಿಭತ್ಯೆ) 5,200, ಒಟ್ಟು 15,600 ಅಂದುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ತಾಸಿಗೆ 75, ಓಟಿ ತಾಸಿಗೆ 150. ತಿಂಗಳಲ್ಲಿ 20 ತಾಸು ನಿಂತರೆ 3,000 ರೂಪಾಯಿ ಬರಬೇಕು. ಕೆಲವರು ಡಿಎ ಬಿಟ್ಟು ಬರೀ ಬೇಸಿಕ್ ಮೇಲೆ ಲೆಕ್ಕ ಹಾಕಿ 2,000 ಕೊಟ್ಟು "ಡಬಲ್ ಕೊಟ್ಟಿದ್ದೀವಲ್ಲ" ಅನ್ನುತ್ತಾರೆ. ಕಾಗದದ ಮೇಲೆ ಡಬಲ್ಲೇ, ಆದರೆ ಸಾವಿರ ರೂಪಾಯಿ ಹೋಯಿತು. ಪಗಾರದ ಲೆಕ್ಕಕ್ಕೆ ಡಿಎ ಸೇರಲೇಬೇಕು.

12 ತಾಸಿನ ಪಾಳಿ ಅಂದರೆ ಒಂದೇ ಪ್ರಶ್ನೆ ಕೇಳಿ: ವಾರಕ್ಕೆ ಎಷ್ಟು ದಿನ? 2023ರಲ್ಲಿ ಕರ್ನಾಟಕ ಸರ್ಕಾರ ಆಗಿನ ಕಾರ್ಖಾನೆ ಕಾಯ್ದೆ ತಿದ್ದಿ, ಕಾರ್ಮಿಕರು ಬರೆದು ಒಪ್ಪಿದರೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ದಾರಿ ಮಾಡಿತು, ಮೂರು ತಿಂಗಳಿಗೆ 75 ತಾಸು ಇದ್ದ ಓಟಿ ಮಿತಿಯನ್ನು 144ಕ್ಕೆ ಏರಿಸಿತು, ಆದರೆ ವಾರದ 48 ತಾಸನ್ನು ಮಾತ್ರ ಮುಟ್ಟಲಿಲ್ಲ. ಹೊಸ ಸಂಹಿತೆಯಲ್ಲೂ ವಾರದ ಮಿತಿ ಅದೇ. ಅಂದರೆ 12 ತಾಸಿನಂತೆ ನಾಲ್ಕು ದಿನಕ್ಕೇ 48 ಮುಗಿಯಿತು, ಅಲ್ವಾ? ಐದನೇ ದಿನ ಕರೆದರೆ ಅದು ಓಟಿ. ಆರೂ ದಿನ 12 ತಾಸು ದುಡಿಸಿ ಮಾಮೂಲಿ ಪಗಾರ ಕೊಡುವುದು ಸುಲಿಗೆ, ಬೇರೆ ಹೆಸರಿಲ್ಲ.

ಒಪ್ಪಿಗೆ ಪತ್ರದಲ್ಲಿ ಎಷ್ಟು ತಾಸು, ಯಾವ ತಿಂಗಳು ಅಂತ ಇರಲಿ. "ಬೇಕಾದಾಗಲೆಲ್ಲ" ಅಂತ ಇದ್ದರೆ ಸಹಿ ಹಾಕಬೇಡಿ. ಸಹಿ ಮಾಡಿದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಒಳಗೆ ಹೋದ, ಹೊರಗೆ ಬಂದ ಟೈಮನ್ನು ಅದೇ ದಿನ ಒಂದು ಡೈರಿಯಲ್ಲಿ ಬರೆಯಿರಿ, ಯಾಕೆಂದರೆ ಹಾಜರಿ ಪುಸ್ತಕ ಮಾಲೀಕರ ಕೈಯಲ್ಲಿರುತ್ತದೆ.

ಇನ್ನೊಂದು ಆಟ ಇದೆ. ಸುಮ್ನೆ "ಸೂಪರ್‌ವೈಸರ್" ಅಂತ ಪ್ರಮೋಷನ್ ಕೊಟ್ಟು ಓಟಿ ನಿಲ್ಲಿಸುವುದು. ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಗಾರ ಇರುವ ಸೂಪರ್‌ವೈಸರ್‌ಗಳು ಹೊಸ ಸಂಹಿತೆಯಲ್ಲಿ ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಇಡೀ ದಿನ ನೀವೇ ಲೇತ್ ಮುಂದೆ ನಿಂತಿದ್ದರೆ, ಲೆಕ್ಕಕ್ಕೆ ಬರುವುದು ಆ ಕೆಲಸವೇ ಹೊರತು ಐಡಿ ಕಾರ್ಡ್ ಮೇಲಿನ ಹೆಸರಲ್ಲ.

ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು, ಸ್ಲಿಪ್ ಕೊಡಲೇಬೇಕು. ಸ್ಲಿಪ್ಪಿನಲ್ಲಿ ಓಟಿ ತಾಸು ಡೈರಿಗೆ ತಾಳೆಯಾಗದಿದ್ದರೆ ಮೊದಲು ಎಚ್‌ಆರ್‌ಗೆ ಬರೆದು ಕೊಡಿ. ಆಗಲಿಲ್ಲವೋ, ನಾಲ್ಕು ಜನ ಸೇರಿ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟು ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಬಾಕಿ ಕೇಳಲು 3 ವರ್ಷದವರೆಗೆ ಅವಕಾಶ ಇದೆ, ಕೆಲಸ ಬಿಟ್ಟ ಮೇಲೂ.