ಹಳೇ ಸ್ವಿಚ್ ಬೋರ್ಡ್ ಬದಲಾಯಿಸುವಾಗ ನಾನು ಅನುಸರಿಸುವ ಕ್ರಮ

ಈ ಕೆಲಸದಲ್ಲಿ ಸ್ವಿಚ್ಚೇ ಸುಲಭದ ಭಾಗ. ಕೈಕೊಡುವುದು ಗೋಡೆಯೊಳಗಿನ ಬಾಕ್ಸ್ ಮತ್ತು ಅದರಲ್ಲಿ ಮುದುಡಿ ಕೂತ ವೈರು. ಅದಕ್ಕೇ ಸಾಮಾನು ಕೊಳ್ಳುವ ಮೊದಲೇ ಬೋರ್ಡನ್ನು ಒಮ್ಮೆ ಬಿಚ್ಚಿ ನೋಡಿಬಿಡುತ್ತೇನೆ.

ಬಿಚ್ಚುವ ಮುನ್ನ ಮೇನ್ ಆಫ್. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಬೇಕು. ಮೇನ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆಫ್ ಮಾಡುವ ಮೊದಲು ಟೆಸ್ಟರನ್ನು ಕರೆಂಟ್ ಇರುವ ಸಾಕೆಟ್ಟಿನಲ್ಲಿಟ್ಟು ಉರಿಯುತ್ತದೆಯೇ ನೋಡಿಕೊಳ್ಳುತ್ತೇನೆ. ಕೆಟ್ಟ ಟೆಸ್ಟರ್ ಎಲ್ಲ ವೈರನ್ನೂ ಸತ್ತ ವೈರು ಎಂದೇ ತೋರಿಸುತ್ತದೆ.

ಮಾಡ್ಯುಲರ್ ಪ್ಲೇಟ್ (ಬಿಡಿ ಸ್ವಿಚ್, ಸಾಕೆಟ್ಟುಗಳನ್ನು ಜೋಡಿಸುವ ಪ್ಲೇಟ್; ಅದರಲ್ಲಿನ ಒಂದು ಜಾಗವೇ ಒಂದು ಮಾಡ್ಯೂಲ್) ಹಾಕುವುದಾದರೆ ಲೆಕ್ಕ ಹೀಗೆ: ಸ್ವಿಚ್ಚಿಗೆ 1 ಮಾಡ್ಯೂಲ್, ಸಾಕೆಟ್ಟಿಗೆ 2, ಫ್ಯಾನ್ ರೆಗ್ಯುಲೇಟರಿಗೆ 1 ಅಥವಾ 2. ನಾಲ್ಕು ಸ್ವಿಚ್, ಒಂದು ಸಾಕೆಟ್, 2 ಮಾಡ್ಯೂಲಿನ ರೆಗ್ಯುಲೇಟರ್ ಸೇರಿದರೆ 8. ಆದರೆ 8ರ ಪ್ಲೇಟ್ ಉದ್ದಕ್ಕೂ ಇರುತ್ತದೆ, ಚೌಕವಾಗಿಯೂ ಇರುತ್ತದೆ. ಬಾಕ್ಸ್ ಒಂದು ಆಕಾರ, ಪ್ಲೇಟ್ ಇನ್ನೊಂದು ಆಕಾರ ತಂದು ಒದ್ದಾಡುವವರೇ ಹೆಚ್ಚು.

ಹಳೇ ಪ್ಲೇಟಿನ ಅಂಚಿಗೆ ಬಣ್ಣ ಅಂಟಿರುತ್ತದೆ. ಸುತ್ತಲೂ ಬ್ಲೇಡಿನಿಂದ ಗೀರಿ ಆಮೇಲೆ ಎಬ್ಬಿಸಬೇಕು, ಇಲ್ಲದಿದ್ದರೆ ಗಾರೆಯೂ ಕಿತ್ತು ಬರುತ್ತದೆ. ಒಂದು ವೈರನ್ನೂ ಬಿಚ್ಚದೆ ಫೋಟೊ ತೆಗೆದು, ಪ್ರತಿ ವೈರಿಗೂ ಟೇಪ್ ಸುತ್ತಿ ಗುರುತು ಬರೆಯುತ್ತೇನೆ. ಒಳಬರುವ ಫೇಸ್ (ಕರೆಂಟ್ ತರುವ ವೈರು) ಸಾಮಾನ್ಯವಾಗಿ ಒಂದೇ. ಅದು ಮೊದಲ ಸ್ವಿಚ್ಚಿನಿಂದ ಉಳಿದವಕ್ಕೆ ಲೂಪ್ ಆಗಿ ಹೋಗುತ್ತದೆ. ಬದಲಾಯಿಸಿದ ಮೇಲೆ ಎರಡು ಸ್ವಿಚ್ ಕೆಲಸ ಮಾಡಿ ಮೂರನೆಯದರಿಂದಾಚೆ ಏನೂ ಉರಿಯದಿದ್ದರೆ ಲೂಪ್ ಅಲ್ಲಿಗೆ ಬಿಟ್ಟಿದೆ ಎಂದೇ ಅರ್ಥ.

ಸ್ವಿಚ್ ಕಡಿಯಬೇಕಾದದ್ದು ಫೇಸನ್ನು, ಕರೆಂಟ್ ವಾಪಸು ಹೋಗುವ ನ್ಯೂಟ್ರಲನ್ನಲ್ಲ. ನ್ಯೂಟ್ರಲ್ ಕಡಿದರೂ ಬಲ್ಬ್ ಆರುತ್ತದೆ, ಹೋಲ್ಡರಿನಲ್ಲಿ ಮಾತ್ರ ಕರೆಂಟ್ ಉಳಿದಿರುತ್ತದೆ. ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣಮಿಣ ಎನ್ನುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಇಂಡಿಕೇಟರ್ ಇರುವ ಸ್ವಿಚ್ಚಿನಲ್ಲೂ ಹೀಗಾಗುವುದುಂಟು.

ಮೆಟ್ಟಿಲ ದೀಪದ ಟೂ-ವೇ ಸ್ವಿಚ್ಚಿಗೆ ಮೂರು ಟರ್ಮಿನಲ್ (ವೈರು ಸಿಕ್ಕಿಸುವ ಜಾಗ). ಅವುಗಳಲ್ಲಿ ಕಾಮನ್, ಅಂದರೆ ಸ್ವಿಚ್ ಒತ್ತಿದಂತೆ ಉಳಿದೆರಡರಲ್ಲಿ ಒಂದಕ್ಕೆ ಸೇರುವ ಟರ್ಮಿನಲ್, ಯಾವುದೆಂದು ಹಳೆಯದರಲ್ಲೇ ಗುರುತಿಸಿಕೊಳ್ಳಬೇಕು. ಅದು ತಪ್ಪಿದರೆ ಮೇಲಿನ ಸ್ವಿಚ್ ಒಂದು ಕಡೆಗಿದ್ದಾಗ ಮಾತ್ರ ಕೆಳಗಿನದು ಕೆಲಸ ಮಾಡುತ್ತದೆ.

ವೈರಿನ ತುದಿಯನ್ನು 8–10 ಮಿಲಿಮೀಟರ್ ಸುಲಿದರೆ ಸಾಕು. ಹೆಚ್ಚಾದರೆ ತಾಮ್ರ ಹೊರಗೆ ಕಾಣುತ್ತದೆ. ಕಡಿಮೆಯಾದರೆ ಸ್ಕ್ರೂ ಇನ್ಸುಲೇಷನ್ನನ್ನೇ ಕಚ್ಚಿ, ಕೆಲವು ದಿನ ಸರಿಯಿದ್ದು ಆಮೇಲೆ ಬಿಸಿಯಾಗುತ್ತದೆ. ಎಳೆಗಳನ್ನು ಹುರಿ ಮಾಡಿ, ತೆಳು ವೈರಾದರೆ ಇಮ್ಮಡಿಸಿ ತೂರಿಸುತ್ತೇನೆ. ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಎಳೆದು ನೋಡುವುದು ಖಾಯಂ. ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಬೇಕು. ಇನ್ಸುಲೇಷನ್ ಮುಟ್ಟಿದರೆ ಉದುರುತ್ತಿದ್ದರೆ, ಅಥವಾ ಒಳಗಿರುವುದು ಅಲ್ಯೂಮಿನಿಯಂ ವೈರಾದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯುವುದು ಲೇಸು.

ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ವೈರ್ ಕೂರಿಸುವುದು ಹಿಂಬದಿಯಿಂದ, ಅಲ್ಲಿ ಎಡಬಲ ಅದಲುಬದಲು. ಹಾಗಾಗಿ ಟರ್ಮಿನಲ್ ಪಕ್ಕದ ಅಕ್ಷರವನ್ನೇ (L ಫೇಸ್, N ನ್ಯೂಟ್ರಲ್, E ಅರ್ಥ್) ನಂಬಿ. ಹಳೇ ಬೋರ್ಡಿನಲ್ಲಿ ಅರ್ಥ್ ವೈರೇ ಇಲ್ಲದಿದ್ದರೆ ನ್ಯೂಟ್ರಲಿನಿಂದ ಒಂದು ತುಂಡು ಎಳೆದು ಅರ್ಥ್‌ಗೆ ಕೊಡುವವರಿದ್ದಾರೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಮೈಯೆಲ್ಲ ಕರೆಂಟಾಗುತ್ತದೆ. ಮಾಡಲೇಬಾರದ ಕೆಲಸ. 6 ಆಂಪಿಯರ್ ಪಾಯಿಂಟಿನ ಸಣ್ಣ ವೈರಿಗೆ 16 ಆಂಪಿಯರ್ ಸಾಕೆಟ್ ಹಾಕಿ ಗೀಸರ್ ಚುಚ್ಚುವುದೂ ಅದೇ ಸಾಲಿನದು. ಸಾಕೆಟ್ ತಡೆದುಕೊಂಡರೂ ಗೋಡೆಯೊಳಗಿನ ವೈರ್ ತಡೆಯುವುದಿಲ್ಲ.

ಪ್ಲೇಟ್ ಕೂರಿಸುವಾಗ ವೈರುಗಳನ್ನು ಒತ್ತಿ ತುರುಕದೆ ಮಡಿಸಿ ಹಿಂದಕ್ಕೆ ಸರಿಸಬೇಕು. ಸ್ಕ್ರೂ ಅತಿಯಾಗಿ ಬಿಗಿದರೆ ಚೌಕಟ್ಟು ಬಾಗಿ ಸ್ವಿಚ್ ಒಳಗೇ ಸಿಕ್ಕಿಕೊಳ್ಳುತ್ತದೆ. ಅರ್ಧ ಸುತ್ತು ಸಡಿಲಿಸಿದರೆ ಸರಿಹೋಗುತ್ತದೆ.

ಮೇನ್ ಹಾಕಿ ಮಲ್ಟಿಮೀಟರ್ ಹಿಡಿಯುತ್ತೇನೆ. ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಕೊನೆಗೆ ಆ ಸಾಕೆಟ್ಟಿಗೆ ತಕ್ಕ ಲೋಡ್ ಕೊಟ್ಟು ಅರ್ಧ ಗಂಟೆ ಬಿಟ್ಟು ಪ್ಲೇಟ್ ಮುಟ್ಟಿ ನೋಡುತ್ತೇನೆ. ಬಿಸಿ ಹತ್ತಿದ್ದರೆ ಯಾವುದೋ ಸ್ಕ್ರೂ ಸಡಿಲ. ಮೇನ್ ಇಳಿಸಿ ಮತ್ತೆ ಬಿಚ್ಚಬೇಕು.